ಧ್ಯಾನಕ್ಕೆ ಕುಳಿತಾಗ ಮನಸ್ಸು ಎಲ್ಲಿಗೆ ಹೋಗುತ್ತದೆ? ಓದುಗರ ಪ್ರಶ್ನೆಗಳಿಗೆ ಉತ್ತರ

ಧ್ಯಾನವನ್ನು ಈಚೆಗೆ ಕಲಿಯತೊಡಗಿರುವ ಓದುಗರಿಂದ ಬಂದ ಪತ್ರಗಳಲ್ಲಿ ಬಹುಪಾಲು ಏಕಾಗ್ರತೆಯ ತೊಂದರೆಯನ್ನೇ ಹೇಳಿಕೊಂಡಿವೆ. ಆದರೆ ‘ಏಕಾಗ್ರತೆ ಬರುತ್ತಿಲ್ಲ’ ಎಂಬ ಒಂದೇ ಮಾತಿನ ಹಿಂದೆ ಬೇರೆಬೇರೆ ತೊಂದರೆಗಳಿರುತ್ತವೆ. ಒಬ್ಬರ ಮನಸ್ಸು ಓಡುತ್ತದೆ, ಇನ್ನೊಬ್ಬರದು ಮಂಕಾಗುತ್ತದೆ, ಮತ್ತೊಬ್ಬರಿಗೆ ಒಳಗಿದ್ದ ಹಳೆಯ ನೋವು ಎದ್ದು ಬರುತ್ತದೆ. ಯಾವುದು ತೊಂದರೆ ಎಂದು ತಿಳಿಯದೆ ಪರಿಹಾರಕ್ಕೆ ಕೈಹಾಕಿದರೆ ಅದು ಇನ್ನಷ್ಟು ಹೆಚ್ಚುವ ಸಂಭವವಿದೆ. ಆದ್ದರಿಂದ ಒಂದೇ ಬಗೆಯ ಪತ್ರಗಳನ್ನು ಒಟ್ಟುಗೂಡಿಸಿ, ಒಂದೊಂದು ಬಗೆಗೂ ಪ್ರತ್ಯೇಕವಾಗಿ ಉತ್ತರಿಸಿದ್ದೇನೆ.

ಪ್ರಶ್ನೆ: ನಾನು ಬ್ಯಾಂಕ್ ಉದ್ಯೋಗಿ. ಕೆಲವು ತಿಂಗಳುಗಳಿಂದ ಬೆಳಿಗ್ಗೆ ಅರ್ಧ ಗಂಟೆ ಉಸಿರನ್ನು ಗಮನಿಸುತ್ತಾ ಕುಳಿತುಕೊಳ್ಳುತ್ತಿದ್ದೇನೆ. ನಾಲ್ಕು ಉಸಿರು ಕಳೆಯುವಷ್ಟರಲ್ಲಿ ಮನಸ್ಸು ಸಾಲದ ಕಡತ, ಮಗಳ ಕಾಲೇಜು ಫೀಸು, ಹಿಂದಿನ ದಿನ ಮ್ಯಾನೇಜರ್ ಆಡಿದ ಮಾತು ಎಂದು ಎಲ್ಲೆಲ್ಲಿಗೋ ಹೋಗಿರುತ್ತದೆ. ಧ್ಯಾನ ಆರಂಭಿಸುವ ಮೊದಲು ಇಷ್ಟು ಯೋಚನೆಗಳು ಇರಲಿಲ್ಲ ಎನ್ನಿಸುತ್ತದೆ. ನನಗೆ ಧ್ಯಾನ ಆಗಿಬರುವುದಿಲ್ಲವೇ?
(ದಾವಣಗೆರೆಯ ಓದುಗರು)

ಉತ್ತರ: ಆಗಿಬರುವುದಿಲ್ಲ ಎಂದು ತೀರ್ಮಾನಿಸುವಂಥದ್ದು ನಿಮ್ಮ ಪತ್ರದಲ್ಲಿ ಏನೂ ಇಲ್ಲ. ಯೋಚನೆಗಳು ಮೊದಲೂ ಇಷ್ಟೇ ಇದ್ದವು. ಕೈಗೆ ಕೆಲಸ, ಕಣ್ಣಿಗೆ ಫೋನು, ಕಿವಿಗೆ ಮಾತು ಇದ್ದುದರಿಂದ ಅವುಗಳನ್ನು ನೋಡುವ ಸಂದರ್ಭ ನಿಮಗೆ ಒದಗಿರಲಿಲ್ಲ, ಅಷ್ಟೆ. ಹಾರ್ವರ್ಡ್ ವಿಶ್ವವಿದ್ಯಾಲಯದ ಕಿಲ್ಲಿಂಗ್ಸ್‌ವರ್ತ್ ಮತ್ತು ಗಿಲ್ಬರ್ಟ್ ಎಂಬ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 2,250 ವಯಸ್ಕರನ್ನು ದಿನದ ಬೇರೆಬೇರೆ ಹೊತ್ತಿನಲ್ಲಿ ಫೋನ್ ಮೂಲಕ ಸಂಪರ್ಕಿಸಿ, ಈಗ ಏನು ಮಾಡುತ್ತಿದ್ದೀರಿ, ಮನಸ್ಸು ಅದರಲ್ಲೇ ಇದೆಯೇ ಎಂದು ಕೇಳಲಾಗಿತ್ತು. ಸುಮಾರು ಶೇಕಡ 47ರಷ್ಟು ಸಲ ಮನಸ್ಸು ಮಾಡುತ್ತಿದ್ದ ಕೆಲಸವನ್ನು ಬಿಟ್ಟು ಬೇರೆಲ್ಲೋ ಇತ್ತು. ನಿತ್ಯದ ಕೆಲಸಕಾರ್ಯಗಳ ನಡುವೆಯೇ ಮನಸ್ಸು ಹೀಗೆ ಅಲೆಯುತ್ತಿರುವಾಗ, ಉಸಿರಿನಂತಹ ಸಪ್ಪೆ ಸಂಗತಿಯ ಮೇಲೆ ಅದು ಅಲುಗದೆ ನಿಲ್ಲಬೇಕೆಂದು ಮೊದಲ ತಿಂಗಳುಗಳಲ್ಲೇ ಬಯಸುವುದು ನಿಮಗೆ ನೀವೇ ಮಾಡಿಕೊಳ್ಳುವ ಅನ್ಯಾಯ.

ಕುಳಿತಾಗ ನಡೆಯುವುದನ್ನು ಸ್ವಲ್ಪ ಬಿಡಿಸಿ ನೋಡೋಣ. ಮೂಗಿನ ಹೊಳ್ಳೆಗಳ ಅಂಚಿನಲ್ಲಿ ತಣ್ಣಗಿನ ಗಾಳಿ ಒಳಗೆ ಹೋಗುವುದು, ತುಸು ಬೆಚ್ಚಗಾಗಿ ಹೊರಗೆ ಬರುವುದು ತಿಳಿಯುತ್ತಿರುತ್ತದೆ. ಮೂರನೆಯ ಉಸಿರಿಗೋ ನಾಲ್ಕನೆಯ ಉಸಿರಿಗೋ ‘ಇವತ್ತು ಚೆನ್ನಾಗಿ ಕುಳಿತಿದ್ದೇನೆ’ ಎಂಬ ಮಾತು ಸುಳಿಯುತ್ತದೆ. ಅದರ ಬೆನ್ನಿಗೆ ‘ನಿನ್ನೆ ಹೀಗಾಗಲಿಲ್ಲ’ ಎಂಬುದು, ನಿನ್ನೆಯ ಬೆನ್ನಿಗೆ ಮ್ಯಾನೇಜರ್ ಆಡಿದ ಮಾತು, ಆ ಮಾತಿನ ಬೆನ್ನಿಗೆ ನೀವು ಕೊಡಬೇಕಾಗಿದ್ದು ಕೊಡದೇ ಹೋದ ಉತ್ತರ. ಎರಡು ನಿಮಿಷ ಆ ಉತ್ತರವನ್ನು ತಿದ್ದಿ ತೀಡಿದ ಮೇಲೆ ಎಲ್ಲಿಂದಲೋ ‘ಅರೆ, ಉಸಿರನ್ನು ಬಿಟ್ಟು ಬಂದೆನಲ್ಲ’ ಎಂಬ ಅರಿವು ಮೂಡುತ್ತದೆ. ಇಡೀ ಅರ್ಧ ಗಂಟೆಯಲ್ಲಿ ಅತ್ಯಂತ ಬೆಲೆಯುಳ್ಳ ಕ್ಷಣ ಇದು. ಹೆಚ್ಚಿನವರು ಸೋಲೆಂದು ಎಣಿಸುವುದು ಈ ಕ್ಷಣವನ್ನೇ ಎಂಬುದು ನನಗೆ ಬಹಳ ಬೇಸರ ತರಿಸುವ ಸಂಗತಿ, ಏಕೆಂದರೆ ಧ್ಯಾನವನ್ನು ಕೈಬಿಡುವವರಲ್ಲಿ ಬಹುಮಂದಿ ಇಲ್ಲಿಯೇ ಕೈಬಿಡುತ್ತಾರೆ.

ಅಮೆರಿಕದ ಎಮರಿ ವಿಶ್ವವಿದ್ಯಾಲಯದಲ್ಲಿ ವೆಂಡಿ ಹ್ಯಾಸೆನ್‌ಕ್ಯಾಂಪ್ ಮತ್ತು ಅವರ ಸಂಗಡಿಗರು ನಡೆಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಿದುಳಿನ ಸ್ಕ್ಯಾನ್ ಯಂತ್ರದೊಳಗೆ ಮಲಗಿ ಉಸಿರನ್ನು ಗಮನಿಸುತ್ತಿದ್ದ ಧ್ಯಾನಿಗಳಿಗೆ, ಮನಸ್ಸು ಅಲೆದದ್ದು ತಿಳಿದ ಕೂಡಲೇ ಒಂದು ಗುಂಡಿ ಒತ್ತುವಂತೆ ಹೇಳಲಾಗಿತ್ತು. ಅವರು ಹೊಸಬರೇನಲ್ಲ, ಆದರೂ ಅಲೆಯುತ್ತಿದ್ದರು, ಅಲೆದದ್ದನ್ನು ಕಂಡುಕೊಳ್ಳುತ್ತಿದ್ದರು, ಉಸಿರಿಗೆ ಮರಳುತ್ತಿದ್ದರು. ಅಲೆದಾಟ, ಅದರ ಅರಿವು, ಮರಳುವಿಕೆ, ನಿಲುಗಡೆ ಎಂಬ ಈ ನಾಲ್ಕರ ಸುತ್ತು ಮತ್ತೆಮತ್ತೆ ನಡೆಯುತ್ತಿತ್ತು. ಗೀತೆಯ ಆರನೆಯ ಅಧ್ಯಾಯದಲ್ಲಿ ಕೃಷ್ಣನು ಅರ್ಜುನನಿಗೆ ಕೊಡುವ ಸೂಚನೆಯೂ ಇದೇ: ಚಂಚಲವಾದ ಮನಸ್ಸು ಎಲ್ಲೆಲ್ಲಿಗೆ ಹೊರಟುಹೋಗುತ್ತದೆಯೋ ಅಲ್ಲಲ್ಲಿಂದ ಅದನ್ನು ಹಿಂದಕ್ಕೆ ತರಬೇಕು. ‘ಯತೋ ಯತೋ’, ‘ತತಸ್ತತೋ’ ಎಂದು ಎರಡೆರಡು ಸಲ ಹೇಳಿರುವುದರಲ್ಲೇ, ಇದು ಒಮ್ಮೆಗೆ ಮುಗಿಯುವ ಕೆಲಸವಲ್ಲವೆಂಬ ಒಪ್ಪಿಗೆಯಿದೆ.

ಮರಳುವ ರೀತಿಯ ಬಗ್ಗೆ ಎರಡು ಮಾತು ಹೇಳಬೇಕು. ಅಲೆದದ್ದು ಗೊತ್ತಾದೊಡನೆ ‘ಛೇ, ಮತ್ತೆ ಹೋದೆ’ ಎಂದು ಬೈದುಕೊಳ್ಳುವುದು, ಏಕೆ ಹೋಯಿತೆಂದು ವಿಚಾರಣೆ ಮಾಡುವುದು, ಇದುವರೆಗೆ ಎಷ್ಟು ಸಲ ಹೋಯಿತೆಂದು ಲೆಕ್ಕವಿಡುವುದು, ಇವೆಲ್ಲವೂ ಹೊಸ ಯೋಚನೆಗಳೇ. ಮಗುವಿನ ಕೈಹಿಡಿದು ರಸ್ತೆಯ ಅಂಚಿಗೆ ಕರೆತರುವಂತೆ, ಗದರದೆ, ಕೈಯನ್ನೂ ಬಿಡದೆ, ಮುಂದಿನ ಉಸಿರಿಗೆ ಗಮನವನ್ನು ತಂದರೆ ಸಾಕು. ಅರ್ಧಕ್ಕೆ ನಿಂತ ಯೋಚನೆಯನ್ನು ಮುಗಿಸಿಯೇ ಬರುತ್ತೇನೆ ಎಂಬ ಆಸೆ ಬಲವಾಗಿರುತ್ತದೆ. ಮ್ಯಾನೇಜರಿಗೆ ಕೊಡಬೇಕಾದ ಉತ್ತರ ಆ ಹೊತ್ತಿನಲ್ಲಿ ಎಷ್ಟೇ ಸೊಗಸಾಗಿ ಕಂಡರೂ ಅದನ್ನು ವಾಕ್ಯದ ನಡುವೆಯೇ ಬಿಟ್ಟು ಬರುವುದನ್ನು ಕಲಿಯಿರಿ. ನಿಜವಾಗಿ ಮುಖ್ಯವಾದದ್ದು ಎದ್ದ ಮೇಲೆ ತಾನಾಗಿ ನೆನಪಿಗೆ ಬರುತ್ತದೆ.

ಬರಿಯ ಉಸಿರಿನ ಮೇಲೆ ನಿಲ್ಲುವುದು ಕಷ್ಟವಾದರೆ ಎಣಿಕೆಯ ಆಸರೆ ಪಡೆಯಬಹುದು. ಐದನೆಯ ಶತಮಾನದಲ್ಲಿ ಶ್ರೀಲಂಕೆಯಲ್ಲಿದ್ದ ಬೌದ್ಧ ಆಚಾರ್ಯ ಬುದ್ಧಘೋಷರು ತಮ್ಮ ‘ವಿಸುದ್ಧಿಮಗ್ಗ’ದಲ್ಲಿ ಹೊಸಬರಿಗೆ ಈ ಕ್ರಮವನ್ನು ವಿವರಿಸುತ್ತಾ, ಐದಕ್ಕಿಂತ ಮೊದಲು ನಿಲ್ಲಿಸಬಾರದು, ಹತ್ತನ್ನು ದಾಟಬಾರದು ಎಂದು ಹೇಳುತ್ತಾರೆ. ಉಸಿರು ಹೊರಗೆ ಹೋಗಿ ಮುಗಿಯುವಾಗ ಮನಸ್ಸಿನಲ್ಲೇ ಒಂದು ಎನ್ನಿ, ಮುಂದಿನದಕ್ಕೆ ಎರಡು. ಹತ್ತಾದ ಮೇಲೆ ಮತ್ತೆ ಒಂದರಿಂದ ಆರಂಭಿಸಿ. ಹದಿನಾಲ್ಕು, ಹದಿನೈದು ಎಂದು ಎಣಿಸುತ್ತಿರುವುದು ಕಂಡುಬಂದರೆ, ಬಾಯಿಪಾಠ ಮಾತ್ರ ಮುಂದುವರಿದಿದೆ, ಗಮನ ಯಾವಾಗಲೋ ಹೊರಟುಹೋಗಿದೆ ಎಂದು ತಿಳಿಯುತ್ತದೆ. ಆಗ ಒಂದಕ್ಕೆ ಹಿಂದಿರುಗಿ. ಉಸಿರನ್ನು ಉದ್ದ ಮಾಡುವ, ಬಿಗಿಹಿಡಿಯುವ ಗೋಜಿಗೆ ಹೋಗಬೇಡಿ. ಅದು ಪ್ರಾಣಾಯಾಮದ ಕೆಲಸ, ಅದಕ್ಕೆ ಬೇರೆ ಹೊತ್ತಿದೆ.

ಇನ್ನು ಅರ್ಧ ಗಂಟೆಯ ವಿಚಾರ. ಸದ್ಯಕ್ಕೆ ಅದನ್ನು ಹತ್ತು ಹನ್ನೆರಡು ನಿಮಿಷಕ್ಕೆ ಇಳಿಸಿ, ಸಾಧ್ಯವಾದರೆ ಸಂಜೆ ಇನ್ನೊಂದು ಸಲ ಕುಳಿತುಕೊಳ್ಳಿ. ಗಡಿಯಾರ ನೋಡುತ್ತಾ ಹಲ್ಲುಕಚ್ಚಿ ಕಳೆಯುವ ಅರ್ಧ ಗಂಟೆಗಿಂತ ಎಚ್ಚರದ ಹತ್ತು ನಿಮಿಷ ಮೇಲು. ನಿಮ್ಮ ಪ್ರಗತಿಯನ್ನು ಯೋಚನೆಗಳ ಸಂಖ್ಯೆಯಿಂದ ಅಳೆಯಬೇಡಿ. ಅಲೆದದ್ದು ಮೊದಲು ಎಷ್ಟು ಹೊತ್ತಿನ ಮೇಲೆ ತಿಳಿಯುತ್ತಿತ್ತು, ಈಗ ಎಷ್ಟು ಬೇಗ ತಿಳಿಯುತ್ತಿದೆ ಎಂಬುದನ್ನು ತಿಂಗಳಿಗೊಮ್ಮೆ ನೋಡಿಕೊಂಡರೆ ಸಾಕು.

ಪ್ರಶ್ನೆ: ಮೊದಲು ಓಂಕಾರ ಜಪ ಮಾಡುತ್ತಿದ್ದೆ, ಆಮೇಲೆ ದೀಪದ ಜ್ವಾಲೆಯನ್ನೇ ದಿಟ್ಟಿಸುವ ತ್ರಾಟಕ, ಈಗ ಆ್ಯಪ್ ಹಾಕಿಕೊಂಡು ಅದರ ಧ್ವನಿ ಹೇಳಿದಂತೆ ಮಾಡುತ್ತಿದ್ದೇನೆ. ಯಾವುದರಲ್ಲೂ ಮನಸ್ಸು ನೆಲೆನಿಲ್ಲುತ್ತಿಲ್ಲ. ಬೇಗ ಏಕಾಗ್ರತೆ ತರುವ ವಿಧಾನ ಯಾವುದು?
(ಮೈಸೂರಿನ ಓದುಗರು)

ಉತ್ತರ: ಒಂದನ್ನು ಹಿಡಿದು ಅದರಲ್ಲೇ ಉಳಿಯುವುದು. ಇದಕ್ಕಿಂತ ಬೇಗದ ದಾರಿ ನನಗೆ ತಿಳಿದಿಲ್ಲ. ಪತಂಜಲಿಯು ಯೋಗಸೂತ್ರದ ಮೊದಲ ಪಾದದಲ್ಲಿ ರೋಗ, ಜಡತೆ, ಸಂಶಯ, ಆಲಸ್ಯ ಮುಂತಾದ ಒಂಬತ್ತು ವಿಘ್ನಗಳನ್ನು ಹೇಳಿ, ಅವುಗಳ ನಿವಾರಣೆಗೆ ‘ಏಕತತ್ತ್ವಾಭ್ಯಾಸ’ವನ್ನು, ಎಂದರೆ ಮನಸ್ಸನ್ನು ನಿಲ್ಲಿಸಲು ಹಿಡಿಯುವ ಯಾವುದಾದರೂ ಒಂದೇ ಆಸರೆಯ (ಆಲಂಬನದ) ಅಭ್ಯಾಸವನ್ನು ಸೂಚಿಸುತ್ತಾನೆ. ಅದೇ ಪಾದದಲ್ಲಿ ಮುಂದೆ, ಉಸಿರು ಮುಂತಾದ ಹಲವು ಆಲಂಬನಗಳನ್ನು ಹೆಸರಿಸಿದ ಮೇಲೆ, ‘ಯಥಾಭಿಮತಧ್ಯಾನಾದ್ವಾ’ ಎಂದು ತನಗೆ ಒಪ್ಪಿದ್ದನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವನ್ನೂ ಕೊಡುತ್ತಾನೆ. ಆರಿಸಿಕೊಳ್ಳುವಾಗ ಇಷ್ಟೊಂದು ಉದಾರತೆ, ಆರಿಸಿದ ಮೇಲೆ ಅಷ್ಟೇ ಬಿಗಿ. ನಾವು ಇದನ್ನು ತಿರುಗಾಮುರುಗಾ ಮಾಡಿಕೊಂಡಿದ್ದೇವೆ: ಯಾವುದು ಶ್ರೇಷ್ಠವೆಂದು ಮೊದಲು ವಾದಿಸುತ್ತೇವೆ, ಬೇಸರ ಬಂದ ಕೂಡಲೇ ಬದಲಿಸುತ್ತೇವೆ.

ಒಂದು ವಿಧಾನದಲ್ಲಿ ಬೇಸರ ತಲೆದೋರುವುದು ಅದು ನಿಮಗೆ ಹೊಂದಲಿಲ್ಲ ಎಂಬುದರ ಗುರುತಲ್ಲ. ಹೊಸತನದ ಆಕರ್ಷಣೆ ಮುಗಿದು ಅಭ್ಯಾಸ ನಿಜವಾಗಿ ಮೊದಲಾಗುವುದು ಬಹುಮಟ್ಟಿಗೆ ಆ ಬೇಸರದಿಂದಲೇ. ಅದನ್ನು ದಾಟುವ ಮೊದಲೇ ಪ್ರತಿಸಲವೂ ವಿಧಾನ ಬದಲಿಸಿದವರು ಎಲ್ಲ ವಿಧಾನಗಳ ಮೊದಲ ವಾರವನ್ನು ಮಾತ್ರ ಬಲ್ಲರು.

ಆಯ್ಕೆಗೆ ನಿಮ್ಮ ಸ್ವಭಾವವೂ ಮನೆಯ ಸಂಸ್ಕಾರವೂ ನೆರವಾಗಲಿ. ಉಸಿರನ್ನು ಗಮನಿಸಿದರೆ ಎದೆ ಬಿಗಿದಂತಾಗುವವರಿಗೆ ಜಪ ಹಿತ. ಶಬ್ದಕ್ಕಿಂತ ನೋಟಕ್ಕೆ ಬೇಗ ಒಲಿಯುವವರು ಕೆಲವರಿದ್ದಾರೆ. ಲಿಂಗಪೂಜೆಯ ಪದ್ಧತಿಯಿರುವ ಮನೆಗಳಲ್ಲಿ ಎಡ ಅಂಗೈಯ ಮೇಲೆ ಇಷ್ಟಲಿಂಗವನ್ನಿರಿಸಿ ಅದರಲ್ಲಿ ದೃಷ್ಟಿ ನೆಡುವ ಕ್ರಮ ತಲೆಮಾರುಗಳಿಂದ ನಡೆದುಬಂದಿದೆ, ಅಂಥವರು ಬೇರೆಡೆ ಹುಡುಕಬೇಕಾದ ಅಗತ್ಯವೇ ಇಲ್ಲ. ಆ್ಯಪ್‌ನ ಧ್ವನಿ ಆರಂಭದಲ್ಲಿ ಒಳ್ಳೆಯ ಆಸರೆ. ಆದರೆ ಅದು ನಿಮಿಷಕ್ಕೊಮ್ಮೆ ‘ಗಮನವನ್ನು ಉಸಿರಿಗೆ ತನ್ನಿ’ ಎಂದು ನೆನಪಿಸುತ್ತಿರುವಷ್ಟು ಕಾಲ, ಅಲೆದದ್ದನ್ನು ನೀವಾಗಿ ಕಂಡುಕೊಳ್ಳುವ ಸಾಮರ್ಥ್ಯ ಬೆಳೆಯುವುದಿಲ್ಲ. ಕ್ರಮೇಣ ಮಾತು ಕಡಿಮೆಯಿರುವ ಧ್ವನಿಮುದ್ರಿಕೆಗೆ, ಆಮೇಲೆ ಕೊನೆಯಲ್ಲಿ ಗಂಟೆ ಮಾತ್ರ ಬಾರಿಸುವ ಟೈಮರ್‌ಗೆ ಬನ್ನಿ.

ಪ್ರಶ್ನೆ: ನಿವೃತ್ತ ಶಿಕ್ಷಕನಾಗಿದ್ದೇನೆ. ಬ್ರಾಹ್ಮೀ ಮುಹೂರ್ತದಲ್ಲಿ ಎದ್ದು ಧ್ಯಾನಕ್ಕೆ ಕುಳಿತರೆ ಸ್ವಲ್ಪ ಹೊತ್ತಿನಲ್ಲೇ ತಲೆ ತೂಗತೊಡಗುತ್ತದೆ. ಕೆಲವೊಮ್ಮೆ ನಿದ್ದೆಯಲ್ಲದ, ಎಚ್ಚರವೂ ಅಲ್ಲದ, ಬಹಳ ಹಿತವಾದ ಒಂದು ಸ್ಥಿತಿಯಲ್ಲಿ ಇಡೀ ಹೊತ್ತು ಕಳೆದುಹೋಗುತ್ತದೆ. ಇದು ಒಳ್ಳೆಯ ಲಕ್ಷಣವೇ?
(ಶಿರಸಿಯ ಓದುಗರು)

ಉತ್ತರ: ಗುರುಗಳೇ, ಆ ಹಿತವಾದ ಸ್ಥಿತಿಯಿಂದ ಎದ್ದಾಗ ಮನಸ್ಸು ತಿಳಿಯಾಗಿ, ಚುರುಕಾಗಿ ಇರುತ್ತದೆಯೇ ಅಥವಾ ಮಬ್ಬು ಮುಸುಕಿದಂತಿರುತ್ತದೆಯೇ ಎಂಬುದನ್ನು ನೋಡಿಕೊಳ್ಳಿ. ಮಬ್ಬಿದ್ದರೆ ಅದು ಲಯ, ಎಂದರೆ ಮನಸ್ಸು ಮಂಕಾಗಿ ನಿದ್ದೆಯತ್ತ ಜಾರುವ ಸ್ಥಿತಿ. ಅದ್ವೈತದ ಗುರು ಗೌಡಪಾದಾಚಾರ್ಯರು ‘ಮಾಂಡೂಕ್ಯಕಾರಿಕೆ’ ಎಂಬ ಗ್ರಂಥದ ಮೂರನೆಯ ಪ್ರಕರಣದಲ್ಲಿ ಒಂದೇ ಶ್ಲೋಕದಲ್ಲಿ ಈ ವಿಷಯವನ್ನು ಅಚ್ಚುಕಟ್ಟಾಗಿ ಹೇಳಿದ್ದಾರೆ: ಲಯದಲ್ಲಿರುವ ಚಿತ್ತವನ್ನು ಎಬ್ಬಿಸಬೇಕು, ಚದುರಿದ ಚಿತ್ತವನ್ನು ಶಾಂತಗೊಳಿಸಬೇಕು, ಒಳಗಿನ ಕಷಾಯವನ್ನು, ಎಂದರೆ ಹುದುಗಿದ ಹಳೆಯ ಸಂಸ್ಕಾರಗಳನ್ನು, ಗುರುತಿಸಬೇಕು, ಸಮಸ್ಥಿತಿಗೆ ಬಂದದ್ದನ್ನು ಕದಲಿಸಬಾರದು. ಮುಂದಿನ ಶ್ಲೋಕದಲ್ಲೇ, ಅಲ್ಲಿ ದೊರೆಯುವ ಸುಖವನ್ನು ಸವಿಯುತ್ತಾ ಕೂರಬಾರದೆಂಬ ಎಚ್ಚರಿಕೆಯೂ ಇದೆ. ನಿಮ್ಮ ಪ್ರಶ್ನೆಗೆ ಉತ್ತರ ಈ ಎರಡು ಶ್ಲೋಕಗಳಲ್ಲಿ ಅಡಗಿದೆ.

ಲಯಕ್ಕೂ ಚದುರುವಿಕೆಗೂ ಮದ್ದು ಒಂದಕ್ಕೊಂದು ವಿರುದ್ಧ ಎಂಬುದನ್ನು ಎಷ್ಟು ಒತ್ತಿ ಹೇಳಿದರೂ ಕಡಿಮೆಯೇ. ಮನಸ್ಸು ಓಡುತ್ತಿರುವವರಿಗೆ ಸಡಿಲಗೊಳ್ಳಿ, ಕಣ್ಣು ಮುಚ್ಚಿ, ಹೊರಹೋಗುವ ಉಸಿರಿನ ಮೇಲೆ ಗಮನವಿಡಿ ಎನ್ನುತ್ತೇವೆ. ತೂಕಡಿಸುವವರು ಅದನ್ನೇ ಪಾಲಿಸಿದರೆ ಇನ್ನೂ ಬೇಗ ನಿದ್ದೆಗೆ ಜಾರುತ್ತಾರೆ. ನೀವು ಬೆನ್ನನ್ನು ನೆಟ್ಟಗೆ ಮಾಡಿ, ಒಳಬರುವ ಉಸಿರಿನ ಮೇಲೆ ಗಮನವಿಟ್ಟು, ಟಿಬೆಟನ್ ಬೌದ್ಧ ಸಂಪ್ರದಾಯದಲ್ಲಿ ರೂಢಿಯಿರುವಂತೆ ಕಣ್ಣುಗಳನ್ನು ಅರ್ಧ ತೆರೆದು, ಎರಡು ಮೂರು ಅಡಿ ಮುಂದಿನ ನೆಲದ ಮೇಲೆ ನೋಟವನ್ನು ಇಳಿಬಿಟ್ಟು ನೋಡಿ. ಕೋಣೆಯಲ್ಲಿ ಬೆಳಕಿರಲಿ, ಹೊದಿಕೆ ತೀರಾ ಬೆಚ್ಚಗಿರದಿರಲಿ. ಆದರೂ ತಲೆ ತೂಗಿದರೆ ಎದ್ದು ನಿಂತು ಅಥವಾ ಅಂಗಳದಲ್ಲಿ ನಿಧಾನವಾಗಿ ಹೆಜ್ಜೆಹಾಕುತ್ತಾ, ಅಂಗಾಲು ನೆಲಕ್ಕೆ ತಾಗುವುದನ್ನು ಗಮನಿಸುವ ಅಭ್ಯಾಸ ಮಾಡಬಹುದು. ಅದೂ ಪೂರ್ಣ ಪ್ರಮಾಣದ ಧ್ಯಾನವೇ.

ರಾತ್ರಿ ಮಲಗುವುದು ಹನ್ನೊಂದಕ್ಕಾದರೆ ನಾಲ್ಕಕ್ಕೆ ಏಳುವ ಹಠ ಬೇಡ. ಹೆಚ್ಚು ನಿದ್ದೆ ಮಾಡುವವನಿಗೂ ಯೋಗವಿಲ್ಲ, ನಿದ್ದೆಗೆಡುವವನಿಗೂ ಇಲ್ಲ ಎಂದು ಗೀತೆಯೇ ಹೇಳುತ್ತದೆ. ನಿದ್ದೆ ಪೂರ್ತಿಯಾಗಿದ್ದರೂ ಹಗಲೆಲ್ಲ ತೂಕಡಿಕೆ ಕಾಡುತ್ತಿದ್ದರೆ ಒಮ್ಮೆ ವೈದ್ಯರಿಗೆ ತೋರಿಸಿ.

ಪ್ರಶ್ನೆ: ನಮ್ಮದು ಕೂಡುಕುಟುಂಬ. ಕುಳಿತುಕೊಂಡ ಐದು ನಿಮಿಷಕ್ಕೆ ಕುಕ್ಕರ್ ಕೂಗುತ್ತದೆ, ಟಿ.ವಿ. ಶಬ್ದ, ಹಾಲಿನವನ ಕರೆಗಂಟೆ. ಪ್ರತ್ಯೇಕ ಕೋಣೆ ಇಲ್ಲ. ಇಂಥಲ್ಲಿ ಏಕಾಗ್ರತೆ ಹೇಗೆ ಸಾಧ್ಯ?
(ಹುಬ್ಬಳ್ಳಿಯ ಗೃಹಿಣಿ)

ಉತ್ತರ: ಕುಕ್ಕರಿನ ಸೀಟಿಯನ್ನೇ ತೆಗೆದುಕೊಳ್ಳೋಣ ತಾಯಿ. ಸೀಟಿಯ ಶಬ್ದ ಕಿವಿಗೆ ತಾಗಿ ಮುಗಿಯಲು ಕೆಲವೇ ಕ್ಷಣ ಸಾಕು. ‘ಇದು ಎಷ್ಟನೆಯದು, ಎರಡೋ ಮೂರೋ, ಬೇಳೆ ತೀರಾ ಮೆತ್ತಗಾದೀತೇ, ಯಾರಾದರೂ ಒಲೆ ಆರಿಸುತ್ತಾರೆಯೇ’ ಎಂಬ ಸರಣಿ ಮಾತ್ರ ಶಬ್ದ ಮುಗಿದ ಮೇಲೂ ನಡೆಯುತ್ತಲೇ ಇರುತ್ತದೆ. ಬೇರೆಯವರ ಮನೆಯ ಕುಕ್ಕರ್ ಕೂಗಿದಾಗ ಈ ಸರಣಿ ಇರುವುದಿಲ್ಲ. ಶಬ್ದ ಬಂದಾಗ ‘ಶಬ್ದ’ ಎಂದಷ್ಟೇ ಗುರುತಿಸಿ ಉಸಿರಿಗೆ ಮರಳುವುದನ್ನು ರೂಢಿಸಿಕೊಂಡರೆ ಟಿ.ವಿ.ಯೂ ಬೀದಿಯ ಗದ್ದಲವೂ ಕ್ರಮೇಣ ತೊಡಕಾಗದೆ ಹೋಗುತ್ತವೆ.

ಇದು ಅರ್ಧ ಉತ್ತರ ಮಾತ್ರ. ಒಲೆಯ ಮೇಲೆ ಅಡುಗೆಯಿದ್ದು ಅದರ ಹೊಣೆ ನಿಮ್ಮದೇ ಆಗಿರುವಾಗ ಮನಸ್ಸು ಅತ್ತ ಹೋಗುವುದು ದೋಷವಲ್ಲ, ಜವಾಬ್ದಾರಿ. ಮನೆಯಲ್ಲಿ ಗಂಡಸರು ಧ್ಯಾನಕ್ಕೆ ಕುಳಿತರೆ ಉಳಿದವರು ಮೆಲುದನಿಯಲ್ಲಿ ಮಾತನಾಡುತ್ತಾರೆ. ಹೆಣ್ಣುಮಕ್ಕಳು ಕುಳಿತರೆ ‘ಸ್ವಲ್ಪ ಈ ಕಡೆ ಬಂದು ಹೋಗು’ ಎಂಬ ಕರೆ ತಪ್ಪುವುದಿಲ್ಲ. ಇದನ್ನು ನಿಮ್ಮ ಮನಸ್ಸಿನ ದೌರ್ಬಲ್ಯವೆಂದು ನೀವು ಹೊತ್ತುಕೊಳ್ಳಬೇಕಾಗಿಲ್ಲ. ಮನೆಮಂದಿಗೆ ಹೇಳಿ, ದಿನಕ್ಕೆ ಹದಿನೈದು ನಿಮಿಷವನ್ನು ಕೇಳಿ ಪಡೆಯಿರಿ. ಆ ಹೊತ್ತಿನಲ್ಲಿ ಒಲೆಯನ್ನೂ ಬಾಗಿಲನ್ನೂ ನೋಡಿಕೊಳ್ಳುವವರು ಯಾರೆಂದು ಮೊದಲೇ ಗೊತ್ತಾಗಿರಲಿ. ಪಕ್ಕದಲ್ಲಿ ಒಂದು ಚೀಟಿ, ಪೆನ್ಸಿಲ್ ಇಟ್ಟುಕೊಂಡು, ಕೂರುವ ಮೊದಲು ಆ ದಿನದ ಕೆಲಸಗಳನ್ನು ಬರೆದಿಟ್ಟರೆ, ಮರೆತುಹೋದೀತೆಂಬ ಆತಂಕ ಬಹಳ ಮಟ್ಟಿಗೆ ಇಳಿಯುತ್ತದೆ.

ಪ್ರಶ್ನೆ: ವಿಪಶ್ಯನ ಶಿಬಿರದಲ್ಲಿ ಹತ್ತು ದಿನ ಇದ್ದೆ. ಅಲ್ಲಿ ಮನಸ್ಸು ಎಷ್ಟು ಚೆನ್ನಾಗಿ ನಿಲ್ಲುತ್ತಿತ್ತೆಂದರೆ ಜೀವನವೇ ಬದಲಾಯಿತು ಎಂದುಕೊಂಡೆ. ಮನೆಗೆ ಬಂದು ಎರಡು ವಾರದಲ್ಲಿ ಎಲ್ಲವೂ ಹೋಯಿತು.
(ಪುಣೆಯಲ್ಲಿ ನೆಲೆಸಿರುವ ಕನ್ನಡಿಗರು)

ಉತ್ತರ: ಸತ್ಯನಾರಾಯಣ ಗೋಯೆಂಕಾ ಅವರು 1969ರಲ್ಲಿ ಬರ್ಮಾದಿಂದ ಭಾರತಕ್ಕೆ ಬಂದು ಕಲಿಸತೊಡಗಿದ ಈ ಪದ್ಧತಿಯ ಶಿಬಿರಗಳಲ್ಲಿ ಬೆಳಗಿನ ನಾಲ್ಕಕ್ಕೆ ಗಂಟೆ ಬಾರಿಸುತ್ತದೆ, ಮಾತಿಲ್ಲ, ಫೋನಿಲ್ಲ, ಓದು ಬರಹವಿಲ್ಲ, ಅಡುಗೆಯ ಚಿಂತೆಯಿಲ್ಲ, ಮೊದಲ ಮೂರು ದಿನ ಉಸಿರನ್ನು ಗಮನಿಸುವುದರ ಹೊರತು ಬೇರೆ ಅಭ್ಯಾಸವೂ ಇಲ್ಲ. ಅಂಥ ಏರ್ಪಾಡಿನಲ್ಲಿ ಮೂಡಿದ ಏಕಾಗ್ರತೆಗೆ ನಿಮ್ಮ ಪ್ರಯತ್ನದ ಜೊತೆಗೆ ಆ ಏರ್ಪಾಡೂ ಕಾರಣ. ಮನೆಯಲ್ಲಿ ಅದನ್ನೇ ಎದುರುನೋಡುತ್ತಾ ಕುಳಿತರೆ ಪ್ರತಿದಿನವೂ ನಿರಾಶೆಯೇ ಸಿಗುತ್ತದೆ, ಹೋಲಿಸಿ ನೋಡುವುದೇ ಹೊಸ ಅಲೆದಾಟವೂ ಆಗುತ್ತದೆ. ಶಿಬಿರದಲ್ಲಿ ಬೆಳಿಗ್ಗೆ ಒಂದು, ಸಂಜೆ ಒಂದು ಗಂಟೆ ಕುಳಿತುಕೊಳ್ಳುವಂತೆ ಹೇಳಿರುತ್ತಾರೆ. ಅದು ಸಾಧ್ಯವಾಗದೆಂದು ಪೂರ್ತಿ ಬಿಟ್ಟುಬಿಡುವುದಕ್ಕಿಂತ ಇಪ್ಪತ್ತು ನಿಮಿಷವನ್ನಾದರೂ ಒಂದೇ ಜಾಗ, ಒಂದೇ ಹೊತ್ತಿನಲ್ಲಿ ಉಳಿಸಿಕೊಳ್ಳಿ. ಅಭ್ಯಾಸ ಗಟ್ಟಿಯಾಗಲು ಪತಂಜಲಿಯು ಹೇಳುವ ಮೂರು ಷರತ್ತುಗಳು ದೀರ್ಘಕಾಲ, ನಿರಂತರತೆ ಮತ್ತು ಆದರ. ಹತ್ತು ದಿನದ ತೀವ್ರತೆ ಆ ಪಟ್ಟಿಯಲ್ಲಿಲ್ಲ.

ಪ್ರಶ್ನೆ: ಕಣ್ಣು ಮುಚ್ಚಿ ಕುಳಿತರೆ ಚಿಕ್ಕಂದಿನ ಕೆಟ್ಟ ಘಟನೆಯೊಂದು ಕಣ್ಣಿಗೆ ಕಟ್ಟಿದಂತೆ ಬರುತ್ತದೆ. ಎದೆ ಬಡಿದುಕೊಳ್ಳುತ್ತದೆ, ಕೈ ಬೆವರುತ್ತದೆ. ಇದನ್ನು ತಡೆದುಕೊಂಡು ಮುಂದುವರಿದರೆ ಮನಸ್ಸು ಶುದ್ಧವಾಗುತ್ತದೆ ಎಂದು ಗೆಳೆಯರು ಹೇಳುತ್ತಾರೆ.
(ಕಾಲೇಜು ವಿದ್ಯಾರ್ಥಿನಿ, ಬೆಂಗಳೂರು)

ಉತ್ತರ: ಮಗಳೇ, ದಯವಿಟ್ಟು ಆ ಸಲಹೆಯನ್ನು ಪಾಲಿಸಬೇಡ. ಶಿರಸಿಯ ಓದುಗರಿಗೆ ಉತ್ತರಿಸುವಾಗ ಹೇಳಿದ ಗೌಡಪಾದಾಚಾರ್ಯರ ಶ್ಲೋಕದಲ್ಲಿ ‘ಕಷಾಯ’ ಎಂದಿರುವುದು ಒಳಗೆ ಹುದುಗಿದ ಹಳೆಯ ಸಂಸ್ಕಾರಗಳನ್ನು. ಅವುಗಳನ್ನು ತಿಳಿದುಕೊಳ್ಳಬೇಕು ಎಂದು ಆಚಾರ್ಯರು ಹೇಳುತ್ತಾರೆಯೇ ಹೊರತು ಹಲ್ಲುಕಚ್ಚಿ ಸಹಿಸಬೇಕು ಎಂದಲ್ಲ. ಧ್ಯಾನದ ವೇಳೆ ಭಯ, ಆತಂಕ, ಹಳೆಯ ಆಘಾತದ ನೆನಪುಗಳು ಕೆಲವರಿಗೆ ತೀವ್ರವಾಗಿ ಮರುಕಳಿಸುವುದನ್ನು ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಿವರವಾಗಿ ದಾಖಲಿಸಿದ್ದಾರೆ. ಇದು ನಿನ್ನೊಬ್ಬಳಿಗೇ ಆಗುತ್ತಿರುವುದಲ್ಲ, ನಿನ್ನ ತಪ್ಪೂ ಅಲ್ಲ.

ಸದ್ಯಕ್ಕೆ ಕಣ್ಣು ಮುಚ್ಚಿ ಕೂರುವುದನ್ನು ನಿಲ್ಲಿಸು. ಆ ನೆನಪು ಬಂದಾಗ ಕಣ್ಣು ತೆರೆದು, ಎರಡೂ ಪಾದಗಳನ್ನು ನೆಲಕ್ಕೆ ಊರಿ, ಕೋಣೆಯಲ್ಲಿರುವ ಐದಾರು ವಸ್ತುಗಳ ಹೆಸರು ಹೇಳಿಕೊಂಡು, ಎದ್ದು ಸ್ವಲ್ಪ ಓಡಾಡು. ನಂಬಿಕೆಯ ಹಿರಿಯರೊಬ್ಬರಿಗೆ ವಿಷಯ ತಿಳಿಸಿ, ಮನೋವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಕಾಣು. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತನಾಡಬಹುದು. ವೈದ್ಯರ ಅಥವಾ ಆಪ್ತಸಮಾಲೋಚಕರ ಒಪ್ಪಿಗೆ ಸಿಗುವವರೆಗೆ ದೀರ್ಘ ಮೌನ ಶಿಬಿರಗಳಿಗೆ ಹೋಗಬೇಡ. ಈಗಾಗಲೇ ಔಷಧ ತೆಗೆದುಕೊಳ್ಳುತ್ತಿದ್ದರೆ ಧ್ಯಾನದ ಹೆಸರಿನಲ್ಲಿ ಅದನ್ನು ಬಿಡಬೇಡ.

ಪ್ರಶ್ನೆ: ಮಂಡಿನೋವಿನಿಂದ ಪದ್ಮಾಸನ ಹಾಕಲಾಗುವುದಿಲ್ಲ. ಗಮನವೆಲ್ಲ ನೋವಿನ ಮೇಲೇ ಇರುತ್ತದೆ. ಕುರ್ಚಿಯ ಮೇಲೆ ಕುಳಿತು ಧ್ಯಾನ ಮಾಡಬಹುದೇ?
(ಮಂಗಳೂರಿನ ಓದುಗರು)

ಉತ್ತರ: ಧಾರಾಳವಾಗಿ ಮಾಡಬಹುದು. ಆಸನವು ಸ್ಥಿರವಾಗಿಯೂ ಸುಖವಾಗಿಯೂ ಇರಬೇಕೆಂದಷ್ಟೇ ಯೋಗಸೂತ್ರ ಹೇಳುತ್ತದೆ. ಕೈಗಳಿಲ್ಲದ, ಗಟ್ಟಿ ಸೀಟಿನ ಕುರ್ಚಿಯನ್ನು ಆರಿಸಿ, ಒರಗದೆ ಸ್ವಲ್ಪ ಮುಂದಕ್ಕೆ ಕುಳಿತು, ಅಂಗಾಲುಗಳು ಪೂರ್ತಿ ನೆಲಕ್ಕೆ ತಾಗುವಂತೆ ನೋಡಿಕೊಳ್ಳಿ. ಕಾಲು ಎಟುಕದಿದ್ದರೆ ಕೆಳಗೆ ಒಂದು ಮಣೆ ಇಟ್ಟುಕೊಳ್ಳಿ.